ರೀಚರ್: ಯಾರ ಹಂಗೂ ಇಲ್ಲದ ನಾಯಕ

ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ 2022ರ ಫೆಬ್ರುವರಿಯಲ್ಲಿ ಆರಂಭವಾದ ‘ರೀಚರ್’ ಸರಣಿಯ ಮೊದಲ ಮೂರು ಸೀಸನ್‌ಗಳಲ್ಲಿ ಮೊದಲನೆಯದೇ ಶ್ರೇಷ್ಠ ಎಂಬುದು ನನ್ನ ಖಚಿತ ಅಭಿಪ್ರಾಯ. ಲೀ ಚೈಲ್ಡ್ ಅವರ 1997ರ ಚೊಚ್ಚಲ ಕಾದಂಬರಿಯನ್ನು ಆಧರಿಸಿದ ಈ ಎಂಟು ಕಂತುಗಳ ಕತೆಯಲ್ಲಿ, ಅಮೆರಿಕದ ಸೇನಾ ಪೊಲೀಸ್ ವಿಭಾಗದಲ್ಲಿ ಮೇಜರ್ ಆಗಿದ್ದು, ಈಗ ಹಲ್ಲುಜ್ಜುವ ಬ್ರಷ್ಷೊಂದನ್ನು ಜೇಬಿನಲ್ಲಿಟ್ಟುಕೊಂಡು ಊರೂರು ಅಲೆಯುವ ಜ್ಯಾಕ್ ರೀಚರ್, ಹಳೆಯ ಬ್ಲೂಸ್ ಗಾಯಕ ಬ್ಲೈಂಡ್ ಬ್ಲೇಕ್‌ನ ಜಾಡು ಹಿಡಿದು ಜಾರ್ಜಿಯಾ ರಾಜ್ಯದ ಮಾರ್ಗ್ರೇವ್ ಎಂಬ ಕಾಲ್ಪನಿಕ ಊರಿಗೆ ಬರುತ್ತಾನೆ. ಹೋಟೆಲಿನಲ್ಲಿ ತರಿಸಿಕೊಂಡ ಪೀಚ್ ಪೈ ಬಾಯಿಗಿಡುವ ಮೊದಲೇ ಕೊಲೆಯ ಆರೋಪದ ಮೇಲೆ ಬಂಧಿತನಾಗುತ್ತಾನೆ.

ಮಾರ್ಗ್ರೇವ್ ನೋಡಲು ಅಚ್ಚುಕಟ್ಟಾದ ಊರು. ಆದರೆ ಆ ಅಂದಕ್ಕೆಲ್ಲ ಹಣ ಸುರಿದವನು ಕ್ಲೈನರ್ ಎಂಬ ಉದ್ಯಮಿ. ಹೀಗಾಗಿ ಅಂಗಡಿಯವರಿಂದ ಹಿಡಿದು ಅಧಿಕಾರದಲ್ಲಿರುವವರವರೆಗೆ ಅವನ ಋಣದಲ್ಲಿಲ್ಲದವರು ವಿರಳ. ಮನೆ, ಸಾಲ, ನೌಕರಿ, ನೆಂಟಸ್ತಿಕೆ ಇರುವವರು ಪ್ರಶ್ನೆ ಕೇಳುವ ಮುನ್ನ ಎರಡು ಸಲ ಯೋಚಿಸಬೇಕಾಗುತ್ತದೆ. ಇವುಗಳಲ್ಲಿ ಒಂದೂ ಇಲ್ಲದ ರೀಚರ್‌ನನ್ನು ಬೆದರಿಸಲು ಯಾರ ಕೈಗೂ ಏನೂ ಸಿಗುವುದಿಲ್ಲ. ಒಂಟಿ ಅಲೆಮಾರಿ ನಾಯಕರ ಆಕರ್ಷಣೆಯ ಮೂಲ ಇಲ್ಲಿದೆಯೆಂದು ನನಗನಿಸುತ್ತದೆ: ಅವರ ತೋಳ್ಬಲಕ್ಕಿಂತ ಈ ನಿರ್ಭಾರ ಸ್ಥಿತಿಯೇ ನಮ್ಮನ್ನು ಸೆಳೆಯುತ್ತದೆ. 1963ರಿಂದ 1967ರವರೆಗೆ ಅಮೆರಿಕದ ಕಿರುತೆರೆಯಲ್ಲಿ ಬಂದ ‘ದಿ ಫ್ಯೂಜಿಟಿವ್’ ಸರಣಿಯ ವೈದ್ಯ ರಿಚರ್ಡ್ ಕಿಂಬಲ್ ಕೂಡ ಹೀಗೆಯೇ ಊರೂರು ಅಲೆದವನು. ಆದರೆ ಹೆಂಡತಿಯನ್ನು ಕೊಂದನೆಂಬ ಸುಳ್ಳು ಆರೋಪ ಅವನನ್ನು ಅಟ್ಟುತ್ತಿತ್ತು. ರೀಚರ್‌ಗೆ ಅಲೆದಾಟ ತಾನಾಗಿ ಆರಿಸಿಕೊಂಡ ಬದುಕು. ಅದಕ್ಕೆ ತೆರಬೇಕಾದ ಬೆಲೆಯನ್ನೂ ಸರಣಿ ಮರೆಮಾಚುವುದಿಲ್ಲ; ಹುಟ್ಟೂರಿನಲ್ಲೇ ಬೇರೂರಿರುವ ಪೊಲೀಸ್ ಅಧಿಕಾರಿ ರಾಸ್ಕೊಳ ಜೊತೆಗಿನ ಅವನ ಸಂಬಂಧದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಆರಡಿ ಐದಂಗುಲದವನೆಂದು ಕಾದಂಬರಿ ಹೇಳುವ ಈ ಪಾತ್ರಕ್ಕೆ ಅಲನ್ ರಿಚ್ಸನ್ ಅವರ ಮೈಕಟ್ಟು ಒಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ ಅವರ ಮೌನ ಒಪ್ಪುತ್ತದೆ: ಬಂಧನದ ಹೊತ್ತಿನಲ್ಲಿ ಒಂದು ಮಾತೂ ಆಡದ ವ್ಯಕ್ತಿ, ತನಿಖಾಧಿಕಾರಿ ಫಿನ್ಲೆಯ ಎದುರು ಕುಳಿತು ಅವನ ಖಾಸಗಿ ಬದುಕಿನಿಂದ ಹಿಡಿದು ಸಿಗರೇಟು ಬಿಟ್ಟಿರುವುದರವರೆಗೆ ಎಲ್ಲವನ್ನೂ ಬಿಡಿಸಿ ಹೇಳುವ ದೃಶ್ಯ ಯಾವ ಹೊಡೆದಾಟಕ್ಕಿಂತಲೂ ಹೆಚ್ಚು ರೋಮಾಂಚಕವಾಗಿದೆ. ಮಾಲ್ಕಮ್ ಗುಡ್ವಿನ್ ಅವರ ಫಿನ್ಲೆ ಈ ಸೀಸನ್ನಿನ ದೊಡ್ಡ ಬಲ.

ಎರಡನೆಯ ಸೀಸನ್‌ನಲ್ಲಿ ಹಳೆಯ ಸಹೋದ್ಯೋಗಿಗಳ ತಂಡ ಅವನ ಜೊತೆ ಸೇರುತ್ತದೆ. ಅವನ ಬ್ಯಾಂಕ್ ಖಾತೆಗೆ ಜಮೆಯಾದ 1030 ಡಾಲರ್ ಒಂದು ಗುಪ್ತ ಸಂದೇಶವಾಗುವ ಆರಂಭ ಸೊಗಸಾಗಿದ್ದರೂ, ಸುತ್ತ ಗೆಳೆಯರಿರುವಾಗ ರೀಚರ್ ಸಾಮಾನ್ಯ ಸಾಹಸ ನಾಯಕನಾಗಿಬಿಡುತ್ತಾನೆ. 2025ರ ಮೂರನೆಯ ಸೀಸನ್, ಅವನನ್ನು ಶತ್ರುವಿನ ಮನೆಯೊಳಗೇ ಕೂಡಿಹಾಕಿ, ಕಳೆದುಕೊಂಡ ಬಿಗಿಯನ್ನು ಬಹುಮಟ್ಟಿಗೆ ಮರಳಿ ಪಡೆಯುತ್ತದೆ.

ಮೂರರಲ್ಲೂ ಹಿಂಸೆ ತೀವ್ರವಾಗಿದೆ. ಮಕ್ಕಳ ಜೊತೆ ಕುಳಿತು ನೋಡುವಂಥದ್ದಲ್ಲ. ಪ್ರತಿ ಸೀಸನ್ನಿನ ಕತೆಯೂ ಬೇರೆಯಾದ್ದರಿಂದ, ಸಮಯ ಕಡಿಮೆ ಇರುವವರು ಮೊದಲನೆಯದನ್ನು ಮುಗಿಸಿ ನೇರವಾಗಿ ಮೂರನೆಯದಕ್ಕೆ ಹೋಗಬಹುದು.