ಫ್ರಿಕ್ಷನ್ ಡಿಸ್ಕ್ ಡ್ರೈವ್: ಕಾಯಿಲ್ ಸುತ್ತುವ ಯಂತ್ರದಲ್ಲಿ ಏಳು ವರ್ಷಗಳ ಬಳಕೆ

ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ವೈಂಡಿಂಗ್ ಮಾಡುವುದು ನನ್ನ ಕಸುಬು. ಕಾಯಿಲ್ ಸುತ್ತುವ ಯಂತ್ರಕ್ಕೆ ಏಳು ವರ್ಷಗಳ ಹಿಂದೆ ಫ್ರಿಕ್ಷನ್ ಡಿಸ್ಕ್ ಡ್ರೈವ್ ಒಂದನ್ನು, ಅಂದರೆ ಡಿಸ್ಕಿಗೂ ಚಕ್ರಕ್ಕೂ ನಡುವಿನ ಘರ್ಷಣೆಯಿಂದಲೇ ಮೋಟಾರಿನ ತಿರುಗುವಿಕೆಯನ್ನು ಸಾಗಿಸುವ ಜೋಡಣೆಯನ್ನು, ಕೂರಿಸಿದೆ. ಅದು ಅಂದಿನಿಂದ ದಿನಕ್ಕೆ ಸರಾಸರಿ ಎರಡು ಗಂಟೆ ದುಡಿಯುತ್ತಿದೆ. ಕೊಂಡ ಹೊಸದರಲ್ಲಿ ಬರೆದಿದ್ದರೆ ಹೊಗಳಿಕೆಯನ್ನಷ್ಟೇ ಬರೆಯುತ್ತಿದ್ದೆ. ಒಂದು ವರ್ಷ ಕಳೆದ ಮೇಲೆ ಬರೆದಿದ್ದರೆ ದೂರನ್ನಷ್ಟೇ ಬರೆಯುತ್ತಿದ್ದೆ. ಈಗ ಮೂರನೆಯ ರಬ್ಬರ್ ಚಕ್ರ ಓಡುತ್ತಿರುವಾಗ, ಇದು ಯಾವ ಕೆಲಸಕ್ಕೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂಬುದನ್ನು ಅಳೆದು ಹೇಳಬಲ್ಲೆನೆಂದುಕೊಂಡಿದ್ದೇನೆ.

ರಚನೆ ಬಹಳ ಸರಳ. ಅರ್ಧ ಅಶ್ವಶಕ್ತಿಯ ಮೋಟಾರ್ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಬೆಲ್ಟ್ ಮತ್ತು ಪುಲ್ಲಿಗಳ ಮೂಲಕ ಅದು 480ಕ್ಕೆ ಇಳಿದು ಎರಕದ ಕಬ್ಬಿಣದ ಒಂದು ಚಪ್ಪಟೆ ಡಿಸ್ಕನ್ನು ತಿರುಗಿಸುತ್ತದೆ. ಡಿಸ್ಕಿನ ಮುಖಕ್ಕೆ ಲಂಬವಾಗಿ, 12 ಮಿ.ಮೀ. ಅಗಲದ ರಬ್ಬರ್ ಅಂಚಿರುವ 120 ಮಿ.ಮೀ. ವ್ಯಾಸದ ಚಕ್ರ ಒತ್ತಿ ನಿಲ್ಲುತ್ತದೆ. ಈ ಚಕ್ರ ತನ್ನ ಶಾಫ್ಟಿನ ಜೊತೆಗೇ ತಿರುಗಿದರೂ ಅದರ ಉದ್ದಕ್ಕೂ ಜಾರಬಲ್ಲದು. ಕೈಹಿಡಿಯಿಂದ ಅದನ್ನು ಡಿಸ್ಕಿನ ನಡುವಿನಿಂದ ಅಂಚಿನ ಕಡೆಗೆ ಸರಿಸಿದಂತೆಲ್ಲ ವೇಗ ಏರುತ್ತದೆ. ನಡುವಿನಿಂದ 100 ಮಿ.ಮೀ. ದೂರದಲ್ಲಿ ನಿಮಿಷಕ್ಕೆ 800 ಸುತ್ತು, 50ರಲ್ಲಿ 400, 15ರಲ್ಲಿ 120. ನಡುವನ್ನು ದಾಟಿಸಿ ಆಚೆ ಬದಿಗೆ ಒಯ್ದರೆ ಮೋಟಾರನ್ನು ಮುಟ್ಟದೆಯೇ ಅಚ್ಚು (ಚಕ್ರದಿಂದ ತಿರುಗುತ್ತ ತಂತಿಯನ್ನು ಸುತ್ತಿಕೊಳ್ಳುವ ಭಾಗ) ಹಿಂದಕ್ಕೆ ತಿರುಗುತ್ತದೆ. ಚಕ್ರವನ್ನು ಡಿಸ್ಕಿಗೆ ಒತ್ತುವ ಕೆಲಸ ಕಾಲಡಿಯ ಪೆಡಲಿನದು. ಪೆಡಲಿಗೂ ಚಕ್ರಕ್ಕೂ ನಡುವೆ ಒಂದು ಸ್ಪ್ರಿಂಗ್ ಇರುವುದರಿಂದ, ತುಳಿಯುವವರು ಯಾರೇ ಆಗಲಿ, ಒತ್ತಡ ಸುಮಾರು 25 ಕೆ.ಜಿ. ತೂಕದಷ್ಟಕ್ಕೆ ನಿಲ್ಲುತ್ತದೆ.

ಕಾಯಿಲ್ ಸುತ್ತುವವರಿಗೆ ಇದರಿಂದ ಸಿಗುವ ಅನುಕೂಲ ದೊಡ್ಡದು. ಕೂದಲೆಳೆಯಂಥ ಎನಾಮಲ್ ತಂತಿಯನ್ನು ಅಚ್ಚಿಗೆ ಸಿಕ್ಕಿಸಿ, ಕೈಹಿಡಿಯನ್ನು ನಡುವಿನ ಹತ್ತಿರ ಇಟ್ಟು, ಪೆಡಲನ್ನು ಮೆಲ್ಲಗೆ ಇಳಿಸಿದರೆ ಮೊದಲ ಸುತ್ತು ಕೈಯಿಂದ ತಿರುಗಿಸಿದಷ್ಟೇ ನಯವಾಗಿ ಬರುತ್ತದೆ. ಸ್ವಿಚ್ ಒತ್ತಿದೊಡನೆ ಎಳೆಯುವ ಮೋಟಾರಿನ ಜರ್ಕಿಗೆ ತಂತಿ ತುಂಡಾಗುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಎರಡು ಸುತ್ತು ಒಂದರ ಮೇಲೊಂದು ಬಿದ್ದರೆ ಕೈಹಿಡಿಯನ್ನು ಆಚೆಗೆ ದಾಟಿಸಿ ಬಿಚ್ಚಿಕೊಂಡು, ಮತ್ತೆ ಈಚೆಗೆ ತಂದು ಸುತ್ತಬಹುದು. ಚಕ್ರ ಸ್ವಲ್ಪ ಜಾರಿದರೆ ಸುತ್ತಿನ ಲೆಕ್ಕ ತಪ್ಪುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ತಪ್ಪುವುದಿಲ್ಲ, ಏಕೆಂದರೆ ಕೌಂಟರ್ ಇರುವುದು ಅಚ್ಚಿನ ಶಾಫ್ಟಿನಲ್ಲಿ. ಜಾರುವಿಕೆ ಆಗುವುದು ಅದಕ್ಕಿಂತ ಹಿಂದೆ.

ಇದೇ ಜೋಡಣೆಯನ್ನು ಒಂದು ಕಾಲದಲ್ಲಿ ಲೆಕ್ಕ ಹಾಕುವುದಕ್ಕೂ ಬಳಸುತ್ತಿದ್ದರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಚಕ್ರ ಎಷ್ಟು ತಿರುಗುತ್ತದೆ ಎಂಬುದು ಡಿಸ್ಕಿನ ಸುತ್ತು ಮತ್ತು ಚಕ್ರದ ದೂರ ಇವೆರಡರ ಗುಣಲಬ್ಧಕ್ಕೆ ತಕ್ಕಂತಿರುತ್ತದೆ. ದೂರವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತ ಹೋದರೆ ಚಕ್ರದ ಒಟ್ಟು ತಿರುಗುವಿಕೆಯೇ ಸಮಾಕಲನದ, ಅಂದರೆ ಬದಲಾಗುತ್ತ ಹೋಗುವ ಮೊತ್ತಗಳನ್ನು ಕೂಡಿಸುವ ಲೆಕ್ಕದ, ಉತ್ತರವಾಗುತ್ತದೆ. ಎಂಜಿನಿಯರ್ ಜೇಮ್ಸ್ ಥಾಮ್ಸನ್ 1876ರಲ್ಲಿ ಇದೇ ತತ್ವದ ಸಮಾಕಲಕವನ್ನು ವಿವರಿಸಿದರು. 1931ರ ಹೊತ್ತಿಗೆ ಅಮೆರಿಕದ ಎಂಜಿನಿಯರ್ ವನೆವರ್ ಬುಷ್ ಅವರ ಡಿಫರೆನ್ಷಿಯಲ್ ಅನಲೈಸರ್ ಎಂಬ ಲೆಕ್ಕದ ಯಂತ್ರದಲ್ಲಿ ಡಿಸ್ಕ್ ಮತ್ತು ಚಕ್ರಗಳೇ ಸಮೀಕರಣಗಳನ್ನು ಬಿಡಿಸುತ್ತಿದ್ದವು. ಅಲ್ಲಿ ಚಕ್ರ ಎಳ್ಳಷ್ಟೂ ಜಾರುವಂತಿರಲಿಲ್ಲ. ಆದ್ದರಿಂದ ಅದರ ಮೇಲೆ ಭಾರ ಬೀಳದಂತೆ ಟಾರ್ಕನ್ನು, ಅಂದರೆ ತಿರುಚುವ ಬಲವನ್ನು, ಹಿಗ್ಗಿಸುವ ಬೇರೆ ಸಾಧನವನ್ನು ಜೋಡಿಸಿದ್ದರು. ಭಾರ ಹೊತ್ತರೆ ಈ ಚಕ್ರ ಜಾರುತ್ತದೆಂಬುದು ಅವರಿಗೂ ತಿಳಿದಿತ್ತು.

ಈಗ ಇದರ ಮೂಲ ಮಿತಿಯ ವಿಷಯ. ಗೇರ್‌ಬಾಕ್ಸಿನಲ್ಲಿ ವೇಗ ಇಳಿದಂತೆ ಟಾರ್ಕ್ ಏರುತ್ತದೆ, ಇಲ್ಲಿ ಏರುವುದಿಲ್ಲ. ಚಕ್ರ ಎಲ್ಲೇ ಇರಲಿ, ಅದನ್ನು ತಿರುಗಿಸುವ ಬಲ ಒತ್ತಡ ಮತ್ತು ಘರ್ಷಣಾಂಕಗಳ ಗುಣಲಬ್ಧವನ್ನು ಮೀರಲಾರದು. ಘರ್ಷಣಾಂಕವನ್ನು (ಎರಡು ಮೇಲ್ಮೈಗಳು ಜಾರದೆ ಹಿಡಿದುಕೊಳ್ಳುವ ಗುಣದ ಅಳತೆ) 0.4 ಎಂದು ಹಿಡಿದರೆ 25 ಕೆ.ಜಿ. ಒತ್ತಡಕ್ಕೆ 10 ಕೆ.ಜಿ. ಎಳೆತ ಸಿಗುತ್ತದೆ, 60 ಮಿ.ಮೀ. ತ್ರಿಜ್ಯದ ಚಕ್ರದಲ್ಲಿ ಅದು ಸುಮಾರು 6 ನ್ಯೂಟನ್ ಮೀಟರ್ ಟಾರ್ಕ್. 800 ಸುತ್ತಿನಲ್ಲಿ ಇದು ಮೋಟಾರಿನ ಪೂರ್ಣ ಶಕ್ತಿಯನ್ನು ಸಾಗಿಸಲು ಸಾಕು. 120 ಸುತ್ತಿಗೆ ಇಳಿದಾಗ ಅದೇ 6 ನ್ಯೂಟನ್ ಮೀಟರಿನಲ್ಲಿ ಸಾಗುವುದು ಸುಮಾರು 75 ವ್ಯಾಟ್ ಮಾತ್ರ. ಮೋಟಾರಿನಲ್ಲಿ ಉಳಿದ ಶಕ್ತಿ ಇದ್ದೂ ಇಲ್ಲದಂತೆ. ಒತ್ತಡವನ್ನು ಹೆಚ್ಚಿಸಬಹುದಲ್ಲ ಎನ್ನಬಹುದು. ಆದರೆ 10 ಕೆ.ಜಿ. ಎಳೆತಕ್ಕೆ 25 ಕೆ.ಜಿ. ಒತ್ತಡವನ್ನು ಬೇರಿಂಗುಗಳು ಈಗಾಗಲೇ ಹೊರುತ್ತಿವೆ. ಮೊದಲ ವರ್ಷ ನಾನು ಸ್ಪ್ರಿಂಗನ್ನು ಬಿಗಿಮಾಡಿ ನೋಡಿದೆ. ಎಳೆತ ಕೊಂಚ ಹೆಚ್ಚಿತು, ರಬ್ಬರ್ ಬೇಗ ಸವೆಯಿತು, ಡಿಸ್ಕಿನ ಶಾಫ್ಟಿನ ಬೇರಿಂಗ್ ಗುಂಯ್‌ಗುಡತೊಡಗಿತು. ಬಿಗಿಮಾಡಿದ್ದನ್ನು ಮತ್ತೆ ಸಡಿಲಿಸಿದೆ.

ನಿಧಾನ ವೇಗದಲ್ಲಿ ಇನ್ನೊಂದು ತೊಡಕಿದೆ. ಚಕ್ರದ ಅಂಚು ಗೆರೆಯಲ್ಲ, 12 ಮಿ.ಮೀ. ಅಗಲದ ಪಟ್ಟಿ. ನಡುವಿನಿಂದ 100 ಮಿ.ಮೀ. ದೂರದಲ್ಲಿ ಪಟ್ಟಿಯ ಒಳಬದಿ 94ರಲ್ಲಿ, ಹೊರಬದಿ 106ರಲ್ಲಿ ಇರುತ್ತದೆ. ಡಿಸ್ಕಿನ ವೇಗದಲ್ಲಿ ಅತ್ತ ಇತ್ತ ಶೇ. 6ರ ವ್ಯತ್ಯಾಸ. 15 ಮಿ.ಮೀ.ಗೆ ಬಂದಾಗ ಒಳಬದಿ 9ರಲ್ಲಿ, ಹೊರಬದಿ 21ರಲ್ಲಿ, ವ್ಯತ್ಯಾಸ ಶೇ. 40. ಒಂದೇ ಚಕ್ರ ಎರಡು ವೇಗದಲ್ಲಿ ತಿರುಗಲಾರದಾದ್ದರಿಂದ ಪಟ್ಟಿಯ ಬಹುಭಾಗ ಸದಾ ಉಜ್ಜಿಕೊಳ್ಳುತ್ತಲೇ ಇರುತ್ತದೆ. ನನ್ನ ಮೊದಲ ಚಕ್ರ ಹದಿನಾಲ್ಕೇ ತಿಂಗಳಿಗೆ ಮುಗಿದದ್ದಕ್ಕೆ ಅರ್ಧ ಕಾರಣ ಇದೇ. ಆಗ ದಪ್ಪ ತಂತಿಯ ಕಾಯಿಲುಗಳನ್ನೂ ನಡುವಿನ ಹತ್ತಿರವೇ ನಿಧಾನವಾಗಿ ಸುತ್ತುತ್ತಿದ್ದೆ. ಈಗ ಅಂಥ ಕೆಲಸ ಬಂದಾಗ ಬೆಲ್ಟನ್ನು ಬೇರೆ ಪುಲ್ಲಿಗೆ ಬದಲಿಸಿ ಡಿಸ್ಕಿನ ವೇಗವನ್ನೇ ಇಳಿಸುತ್ತೇನೆ, ಚಕ್ರವನ್ನು ಹೊರಬದಿಯಲ್ಲಿ ಓಡಿಸುತ್ತೇನೆ. ಎರಡನೆಯ ಚಕ್ರ ಮೂರೂವರೆ ವರ್ಷ ಬಂತು.

ಉಳಿದ ಅರ್ಧ ಕಾರಣ ನನ್ನದೇ ತಪ್ಪು. ಒಮ್ಮೆ ಅಚ್ಚಿನ ಬದಿಯ ಹಲಗೆ ಸಡಿಲಗೊಂಡು ಚೌಕಟ್ಟಿಗೆ ಸಿಕ್ಕಿಕೊಂಡಿತು. ಅಚ್ಚು ನಿಂತಿತು, ಚಕ್ರವೂ ನಿಂತಿತು, ಡಿಸ್ಕ್ ಮಾತ್ರ ತಿರುಗುತ್ತಿತ್ತು. ತಂತಿಯ ಕಡೆ ನೋಡುತ್ತಿದ್ದ ನಾನು ಪೆಡಲಿನಿಂದ ಕಾಲು ತೆಗೆಯಲಿಲ್ಲ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಚಕ್ರದ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಚಪ್ಪಟೆಯಾಗಿಹೋಗಿತ್ತು. ಅಲ್ಲಿಂದಾಚೆಗೆ ಪ್ರತಿ ಸುತ್ತಿಗೂ ಟಪ್ ಎಂಬ ಸದ್ದು, ಆ ಸದ್ದಿಗೆ ಸರಿಯಾಗಿ ತಂತಿಯ ಬಿಗಿತದಲ್ಲಿ ಒಂದು ನಡುಕ. ಮರದ ತುಂಡಿಗೆ ಮರಳು ಕಾಗದ ಅಂಟಿಸಿ, ಚಕ್ರವನ್ನು ಓಡಿಸುತ್ತಲೇ ತೀಡಿ ಸರಿಪಡಿಸಿದೆನಾದರೂ, ಹಾಗೆ ತೀಡಿದ ರಬ್ಬರ್ ಮತ್ತೆ ಬರುವುದಿಲ್ಲವಷ್ಟೆ.

ಮೆತ್ತನೆಯ ವಸ್ತು ತಿರುಗಿಸುವ ಕಡೆ ಇರಬೇಕು, ಗಟ್ಟಿಯಾದದ್ದು ತಿರುಗುವ ಕಡೆ ಇರಬೇಕು ಎಂಬುದು ಯಂತ್ರವಿನ್ಯಾಸದ ಹಳೆಯ ನಿಯಮ. ಹಾಗಿದ್ದರೆ ಭಾರ ಸಿಕ್ಕಿಕೊಂಡಾಗ ಮೆತ್ತನೆಯ ಚಕ್ರ ತಿರುಗುತ್ತಲೇ ಇದ್ದು ಸುತ್ತಲೂ ಸಮನಾಗಿ ಸವೆಯುತ್ತದೆ, ಒಂದೇ ಜಾಗದಲ್ಲಿ ಚಪ್ಪಟೆಯಾಗುವುದಿಲ್ಲ. ನನ್ನ ಯಂತ್ರದಲ್ಲಿ ನಿಯಮ ತಲೆಕೆಳಗಾಗಿದೆ. ತಯಾರಕರಿಗೆ ಇದು ತಿಳಿಯದೆಂದಲ್ಲ. ಚಕ್ರವೇ ಡಿಸ್ಕನ್ನು ತಿರುಗಿಸುವಂತಿದ್ದರೆ, ನಡುವಿಗೆ ಹೋದಷ್ಟೂ ಡಿಸ್ಕಿನ ವೇಗ ಏರುತ್ತದೆಯೇ ಹೊರತು ಸೊನ್ನೆಗೆ ಇಳಿಯುವುದಿಲ್ಲ. ಸೊನ್ನೆಯಿಂದ ಹೊರಡುವ, ಹಾಗೆಯೇ ಹಿಂದಕ್ಕೆ ದಾಟುವ ಸೌಲಭ್ಯ ಬೇಕೆಂದರೆ ಡಿಸ್ಕೇ ತಿರುಗಿಸಬೇಕು, ಚಪ್ಪಟೆಯಾಗುವ ಅಪಾಯವನ್ನು ಒಪ್ಪಿಕೊಳ್ಳಲೇಬೇಕು. ಕಾಯಿಲ್ ಸುತ್ತುವವನಾಗಿ ನಾನು ಒಪ್ಪಿಕೊಂಡಿದ್ದೇನೆ.

ಒಪ್ಪಿಕೊಳ್ಳಲಾಗದ ದೋಷವೂ ಒಂದಿತ್ತು. ಮುಂದಕ್ಕೆ ಸುತ್ತುವಾಗ ಕೈಹಿಡಿ ತಾನಾಗಿ ಹೊರಕ್ಕೆ ಜಾರಿ ವೇಗ ಏರುತ್ತಿತ್ತು. ಹಿಂದಕ್ಕೆ ಬಿಚ್ಚುವಾಗ ನಡುವಿನ ಕಡೆಗೆ ಜಾರಿ ವೇಗ ಇಳಿಯುತ್ತಿತ್ತು. ಮಾರಾಟಗಾರರನ್ನು ಕೇಳಿದಾಗ ಕೈಹಿಡಿಯ ತಿರುಪನ್ನು ಬಿಗಿಮಾಡಿಕೊಳ್ಳಿ ಎಂಬ ಉತ್ತರ ಬಂತು. ಅದು ರೋಗಕ್ಕೆ ಮದ್ದಲ್ಲ. ಬಹಳ ದಿನ ತಲೆ ಕೆಡಿಸಿಕೊಂಡ ಮೇಲೆ ಅಳೆದು ನೋಡಿದರೆ, ಚಕ್ರದ ಶಾಫ್ಟ್ ಡಿಸ್ಕಿನ ನಡುಬಿಂದುವಿನ ಮಟ್ಟಕ್ಕೆ ಸರಿಯಾಗಿ ಇರದೆ 2 ಮಿ.ಮೀ. ಕೆಳಗಿತ್ತು. ಹಾಗಿದ್ದಾಗ ಡಿಸ್ಕಿನ ಮೇಲ್ಮೈ ಚಕ್ರವನ್ನು ನೇರವಾಗಿ ತಿರುಗಿಸುವುದರ ಜೊತೆಗೆ ಸ್ವಲ್ಪ ಪಕ್ಕಕ್ಕೂ ಎಳೆಯುತ್ತದೆ. 480 ಸುತ್ತಿನಲ್ಲಿ 2 ಮಿ.ಮೀ. ವ್ಯತ್ಯಾಸವೆಂದರೆ ಸೆಕೆಂಡಿಗೆ ಸುಮಾರು 100 ಮಿ.ಮೀ. ವೇಗದ ಪಕ್ಕದೆಳೆತ. ಎಳೆಯುವ ದಿಕ್ಕು ಡಿಸ್ಕಿನ ಎರಡು ಬದಿಗಳಲ್ಲೂ ಒಂದೇ ಆದ್ದರಿಂದ, ಒಂದು ಬದಿಯಲ್ಲಿ ಅದು ಹೊರಕ್ಕೆ, ಇನ್ನೊಂದರಲ್ಲಿ ಒಳಕ್ಕೆ ಎಂದಾಗುತ್ತದೆ. ಬೇರಿಂಗ್ ಮನೆಗಳ ಅಡಿಗೆ 2 ಮಿ.ಮೀ. ದಪ್ಪದ ತಗಡಿನ ತುಂಡುಗಳನ್ನು ಕೊಟ್ಟೆ. ಕೈಹಿಡಿ ಇಟ್ಟಲ್ಲೇ ನಿಂತಿತು. ಹೊಸ ಯಂತ್ರ ಕೊಳ್ಳುವವರು ಇದೊಂದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಕಾರ್ಖಾನೆಯಲ್ಲೇ ಐದು ನಿಮಿಷದಲ್ಲಿ ಮುಗಿಯಬಹುದಾಗಿದ್ದ ಈ ಕೆಲಸವನ್ನು ಕೊಂಡವರ ಪಾಲಿಗೆ ಬಿಟ್ಟದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ.

ಎಣ್ಣೆ ಮತ್ತು ಗ್ರೀಸ್ ಈ ಡ್ರೈವಿನ ಹಗೆಗಳು. ಬೇರಿಂಗಿಗೆ ಒಮ್ಮೆ ಧಾರಾಳವಾಗಿ ಗ್ರೀಸ್ ತುಂಬಿದೆ. ಹೆಚ್ಚಾದದ್ದು ಸೀಲಿನ ಸಂದಿಯಿಂದ ಹೊರಬಂದು, ತಿರುಗುವ ರಭಸಕ್ಕೆ ಡಿಸ್ಕಿನ ಅಂಚಿನವರೆಗೂ ಹರಡಿತು. ಮರುದಿನ ಡಿಸ್ಕ್ ಭರ್ರನೆ ತಿರುಗುತ್ತಿದ್ದರೂ ಅಚ್ಚು ಅಲ್ಲಾಡಲಿಲ್ಲ. ಡಿಸ್ಕನ್ನು ಸ್ಪಿರಿಟಿನಿಂದ ಎರಡು ಬಾರಿ ಒರೆಸಿದರೂ ಸಾಲದೆ, ಗ್ರೀಸ್ ಹೀರಿಕೊಂಡಿದ್ದ ರಬ್ಬರಿನ ಮೇಲ್ಪದರವನ್ನೂ ತೀಡಿ ತೆಗೆಯಬೇಕಾಯಿತು. ವಾರ್ನಿಷ್ ಹಚ್ಚುವ ಮೇಜನ್ನು ಆಮೇಲೆ ದೂರಕ್ಕೆ ಸರಿಸಿದೆ. ಇನ್ನು, ಡಿಸ್ಕ್ ನಿಂತಿರುವಾಗ ಪೆಡಲನ್ನು ತುಳಿದುಕೊಂಡೇ ಕೈಹಿಡಿಯನ್ನು ಸರಿಸಬಾರದು, ರಬ್ಬರಿನ ಅಂಚು ಕಿತ್ತುಬರುತ್ತದೆ. ನಿಂತ ವಾಹನದ ಸ್ಟೀರಿಂಗ್ ತಿರುಗಿಸಿದಂತೆ ಅದು. ತಿರುಗುತ್ತಿರುವಾಗ ಎರಡೇ ಬೆರಳಿನಿಂದ ಸರಿಯುತ್ತದೆ. ನಾಲ್ಕನೆಯ ವರ್ಷದಲ್ಲಿ, ನಾನು ಹೆಚ್ಚಾಗಿ ಬಳಸುವ 400 ಸುತ್ತಿನ ಜಾಗದಲ್ಲಿ ಡಿಸ್ಕಿನ ಮೇಲೆ ಬೆರಳಿಗೆ ತಗಲುವಷ್ಟು ಬಳೆಯಾಕಾರದ ತಗ್ಗು ಬಿದ್ದು, ಚಕ್ರ ಅದರೊಳಗೆ ಕೂರತೊಡಗಿತ್ತು. ಲೇತಿನಲ್ಲಿ ಅರ್ಧ ಮಿ.ಮೀ. ಸವರಿಸಿ, ಉಳಿಯ ಗೆರೆಗಳು ರಬ್ಬರನ್ನು ಅರದಂತೆ ತಿನ್ನದಿರಲೆಂದು ನಯವಾದ ಎಮೆರಿ ಕಾಗದದಿಂದ ತಿಕ್ಕಿಸಿದೆ.

ಇಂಥ ಡ್ರೈವನ್ನು ನಂಬಿ ಕಾರುಗಳನ್ನೇ ಕಟ್ಟಿದವರಿದ್ದರು. ಅಮೆರಿಕದ ಕಾರ್ಟರ್‌ಕಾರ್ ಕಂಪನಿ ಗೇರುಗಳಿಲ್ಲದ, ಡಿಸ್ಕ್ ಮತ್ತು ಚಕ್ರಗಳಿಂದ ಓಡುವ ಕಾರುಗಳನ್ನು ಮಾರುತ್ತಿತ್ತು. ಜನರಲ್ ಮೋಟರ್ಸ್ ಅದನ್ನು 1909ರಲ್ಲಿ ಕೊಂಡು, 1915ರಲ್ಲಿ ಉತ್ಪಾದನೆ ನಿಲ್ಲಿಸಿತು. 1999ರಲ್ಲಿ ನಿಸಾನ್ ತನ್ನ ಸೆಡ್ರಿಕ್ ಮತ್ತು ಗ್ಲೋರಿಯಾ ಕಾರುಗಳಿಗೆ ಇದರ ದೂರದ ಸಂಬಂಧಿಯಾದ ಟೊರಾಯ್ಡಲ್ ಡ್ರೈವ್ ಅಳವಡಿಸಿದಾಗ ರಬ್ಬರಿನ ಸುಳಿವೇ ಇರಲಿಲ್ಲ. ಉಕ್ಕಿನ ಡಿಸ್ಕ್, ಉಕ್ಕಿನ ರೋಲರ್, ನಡುವೆ ಒತ್ತಡಕ್ಕೆ ಸಿಕ್ಕಾಗ ಬಿಗಿಯುವ ವಿಶೇಷ ಎಣ್ಣೆಯ ತೆಳುಪದರ. ಏರು ರಸ್ತೆಯಲ್ಲಿ ಭಾರ ಎಳೆಯಬೇಕಾದ ವಾಹನಕ್ಕೆ ನನ್ನ ಯಂತ್ರದಲ್ಲಿರುವಂಥ ಒಣ ಚಕ್ರ ಸಾಲದೆಂಬುದಕ್ಕೆ ಮೇಲಿನ 75 ವ್ಯಾಟಿನ ಲೆಕ್ಕವೇ ಸಾಕ್ಷಿ.

ಇಂದು ವಿಎಫ್‌ಡಿ (ವಿದ್ಯುತ್ತಿನ ಆವರ್ತನವನ್ನು ಬದಲಿಸಿ ಮೋಟಾರಿನ ವೇಗ ಹೊಂದಿಸುವ ಸಾಧನ) ಹಾಕುವುದು ಲೇಸಲ್ಲವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನನ್ನ ಡ್ರಿಲ್ಲಿಂಗ್ ಯಂತ್ರಕ್ಕೆ ಅದನ್ನೇ ಹಾಕಿದ್ದೇನೆ, ಅಲ್ಲಿ ಡಿಸ್ಕ್ ಡ್ರೈವನ್ನು ಯಾರಿಗೂ ಹೇಳಲಾರೆ. ಆದರೆ ಸಾಧಾರಣ ವಿಎಫ್‌ಡಿಯಲ್ಲಿ ಮೋಟಾರನ್ನು ಬಹಳ ನಿಧಾನವಾಗಿ ಓಡಿಸಿದರೆ ಅದರ ಶಾಫ್ಟಿಗೇ ಕೂರಿಸಿದ ಫ್ಯಾನೂ ನಿಧಾನವಾಗಿ, ಮೋಟಾರ್ ಬಿಸಿಯೇರುತ್ತದೆ. ಡಿಸ್ಕ್ ಡ್ರೈವಿನಲ್ಲಿ ಅಚ್ಚು ನಿಂತೇ ಇದ್ದರೂ ಮೋಟಾರ್ ತನ್ನ ಪೂರ್ಣ ವೇಗದಲ್ಲಿ ತಣ್ಣಗೆ ಓಡುತ್ತಿರುತ್ತದೆ. ತಂತಿ ಎಲ್ಲಾದರೂ ಸಿಕ್ಕಿಕೊಂಡರೆ ಪಾದವನ್ನು ಸ್ವಲ್ಪ ಎತ್ತಿದರೆ ಸಾಕು, ಅಚ್ಚು ಬಿಡುಗಡೆಯಾಗುತ್ತದೆ. ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರು ಗುಂಡಿ ತಿರುಗಿಸುವ ಯಂತ್ರಕ್ಕಿಂತ ಬೇಗ ಇದನ್ನು ಪಳಗಿಸಿಕೊಳ್ಳುತ್ತಾರೆ.

ಚಕ್ರದ ರಬ್ಬರ್ ಹೊಸದಿದ್ದಾಗ 10 ಮಿ.ಮೀ. ದಪ್ಪವಿರುತ್ತದೆ. ಪೂರ್ತಿ ಸವೆಯುವವರೆಗೆ ಕಾದರೆ ಒಳಗಿನ ಲೋಹದ ಬಳೆ ಡಿಸ್ಕಿಗೆ ತಗಲಿ ಅದನ್ನು ಗೀರಿ ಹಾಳುಮಾಡುತ್ತದೆ. ಈಗಿನ ಚಕ್ರ ಕಳೆದ ತಿಂಗಳು 6 ಮಿ.ಮೀ. ಇತ್ತು, 3ಕ್ಕೆ ಇಳಿದ ದಿನ ಬದಲಿಸಲೆಂದು ನಾಲ್ಕನೆಯದನ್ನು ಬಿಸಿಲು ತಾಗದ ಕಪಾಟಿನಲ್ಲಿ, ಯಾವ ಭಾರವೂ ಬೀಳದಂತೆ ಮಲಗಿಸಿ ಇಟ್ಟಿದ್ದೇನೆ.