ಮನೆಗೆ ಶಾರ್ಕ್ ತರುವುದಾದರೆ ಯಾವುದು? ನಾಲ್ಕನ್ನು ಸಾಕಿ, ನೋಡಿಕೊಂಡು ಬರೆದದ್ದು

ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಅಕ್ವೇರಿಯಂ ಅಂಗಡಿಗೆ ಹೋಗಿ ಶಾರ್ಕ್ ಉಂಟಾ ಅಂತ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಸಾಮಾನ್ಯವಾಗಿ ಮೂರು ಬಗೆ ತೋರಿಸುತ್ತಾರೆ: ಇರಿಡೆಸೆಂಟ್ ಶಾರ್ಕ್, ಬಾಲಾ ಶಾರ್ಕ್, ರೆಡ್‌ಟೇಲ್ ಶಾರ್ಕ್. ಮೂರೂ ಸಿಹಿನೀರಿನವು, ಮೂರಕ್ಕೂ ನಮ್ಮ ಕಡಲಿನ ತಾಟೆಗೂ, ಅಂದರೆ ಅಸಲಿ ಶಾರ್ಕಿಗೂ, ಸಂಬಂಧ ಇಲ್ಲ. ಮೊದಲನೆಯದು ಕ್ಯಾಟ್‌ಫಿಶ್, ಮುಗುಡಿನ ಕಡೆಯದ್ದು. ಉಳಿದೆರಡು ಕಾಟ್ಲಾ, ರೋಹುಗಳ ನೆಂಟರು. ಈ ಮೂರನ್ನೂ ನಾನು ಬದಿಯಡ್ಕದ ಮನೆಯಲ್ಲಿ ಸಾಕಿದ್ದೇನೆ. ಅಸಲಿ ಶಾರ್ಕ್ ಉಪ್ಪಳದ ಸ್ನೇಹಿತರೊಬ್ಬರ ಮನೆಯಲ್ಲಿದೆ. ಅವರು ಗಲ್ಫಿಗೆ ಹೋದಾಗಲೆಲ್ಲ ಅದನ್ನು ನೋಡಿಕೊಳ್ಳುವ ಕೆಲಸ ನನ್ನದು.

ಇರಿಡೆಸೆಂಟ್ ಶಾರ್ಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆರಳುದ್ದ ಇರುವಾಗ ಚಂದ, ಮೈಯೆಲ್ಲ ಮಿರಮಿರ. ಆದರೆ ಇದು ಮೆಕಾಂಗ್ ನದಿಯ ಮೀನು, ನಾಲ್ಕು ಅಡಿವರೆಗೂ ಬೆಳೆಯುತ್ತದೆ. ಕೇರಳದಲ್ಲಿ ಆಸಾಂ ವಾಳ ಅಂತ ಕೆರೆಯಲ್ಲಿ ಸಾಕಿ ತೂಕಕ್ಕೆ ಮಾರುವುದು ಇದನ್ನೇ. ಹೋಟೆಲುಗಳಲ್ಲಿ ಬಾಸಾ ಅಂತ ತಟ್ಟೆಗೆ ಬರುವುದೂ ಹೆಚ್ಚಾಗಿ ಇದೇ. ಕಣ್ಣು ಮಂದ, ಹೆದರಿಕೆ ಜಾಸ್ತಿ. ರಾತ್ರಿ ಲೈಟ್ ಹಾಕಿದರೆ ಸಾಕು, ದಡಬಡ ಅಂತ ಗಾಜಿಗೆ ಗುದ್ದುತ್ತದೆ. ನನ್ನವುಗಳ ಮೂತಿ ಬೆಳ್ಳಗೆ ಸುಲಿದು ಹೋಗಿತ್ತು. ಕೊನೆಗೆ ಇದೇ ಮೀನು ಸಾಕುವ ಪರಿಚಯದವರ ಕೆರೆಗೆ ಕೊಟ್ಟೆ. ಕೆರೆಯವರು ಯಾರೂ ಸಿಗದಿದ್ದರೂ ಹೊಳೆಗೆ ಮಾತ್ರ ಬಿಡಬೇಡಿ. ಅದು ಇಲ್ಲಿನ ಮೀನಲ್ಲ.

ಬಾಲಾ ಶಾರ್ಕ್ ನೋಡಲಿಕ್ಕೆ ನಿಜಕ್ಕೂ ಶಾರ್ಕಿನ ಹಾಗೇ ಇದೆ. ಬೆಳ್ಳಿ ಮೈ, ನೆಟ್ಟಗೆ ನಿಂತ ಬೆನ್ನಿನ ರೆಕ್ಕೆ, ರೆಕ್ಕೆಗಳಿಗೆಲ್ಲ ಕಪ್ಪು ಅಂಚು. ಪಾಪದ ಮೀನು, ಹಾಕಿದ್ದನ್ನು ತಿನ್ನುತ್ತದೆ. ಆದರೆ ಒಂಟಿ ಇದ್ದರೆ ಮೂಲೆ ಸೇರುತ್ತದೆ. ನಾಲ್ಕೈದಾದರೂ ಬೇಕು, ಒಂದೊಂದೂ ಒಂದಡಿ ದಾಟುತ್ತದೆ. ನಾಲ್ಕಡಿಯ ಟ್ಯಾಂಕ್ ಮರಿಗಳಿಗೆ ಸರಿ, ದೊಡ್ಡದಾದ ಮೇಲೆ ಆರಡಿಯೂ ಸಾಲದು. ಮತ್ತೆ ಹಾರುವ ಚಟ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿಗೆ ಬೆಚ್ಚಿ ಹಾರಿ ಮುಚ್ಚಳಕ್ಕೆ ಬಡಿಯುತ್ತಿದ್ದವು. ಗಾಜಿನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟಿದ್ದೆ. ದೊಡ್ಡ ಹಾಲ್, ದೊಡ್ಡ ಟ್ಯಾಂಕ್ ಇದ್ದವರಿಗೆ ಇದು ಒಳ್ಳೆಯ ಆಯ್ಕೆ, ನನಗೆ ಅಷ್ಟು ಜಾಗ ಇಲ್ಲ.

ರೆಡ್‌ಟೇಲ್ ಈಗಲೂ ನನ್ನ ಹತ್ತಿರ ಇದೆ. ಐದಾರು ಇಂಚಿಗೆ ಬೆಳವಣಿಗೆ ಮುಗಿಯಿತು. ಮಖಮಲ್ಲಿನಂಥ ಕಪ್ಪು ಮೈ, ಬಾಲ ಮಾತ್ರ ಕೆಂಡದ ಬಣ್ಣ. ಟ್ಯಾಂಕಿನಲ್ಲಿ ಒಂದು ಒಡೆದ ಮಣ್ಣಿನ ಮಡಕೆ ಮಲಗಿಸಿದ್ದೇನೆ, ಅದು ಇವನ ಮನೆ. ಬೇರೆ ಮೀನು ಮಡಕೆಯ ಬಾಯಿಯ ಎದುರು ಹಾದರೆ ಸೊಂಯ್ ಅಂತ ಹೊರಟು ಓಡಿಸುತ್ತಾನೆ, ಮತ್ತೆ ಹಿಂದೆ ಬಂದು ಅದೇ ಜಾಗದಲ್ಲಿ ನಿಲ್ಲುತ್ತಾನೆ. ಕಚ್ಚಿ ಗಾಯ ಮಾಡುವುದು ಕಡಿಮೆ, ದಬಾಯಿಸುವುದೇ ಜಾಸ್ತಿ. ನೀರು ಕೆಟ್ಟರೆ ಕಪ್ಪು ಬಣ್ಣ ಬೂದಿಯಾಗುತ್ತದೆ, ಟೆಸ್ಟ್ ಕಿಟ್‌ಗಿಂತ ಮೊದಲೇ ಇವನಿಂದ ಗೊತ್ತಾಗುತ್ತದೆ. ಥಾಯ್ಲೆಂಡಿನ ಚಾವೊ ಫ್ರಾಯಾ ನದಿಯ ಮೀನು. ಅಲ್ಲಿ ಪೂರ್ತಿ ಮುಗಿದೇ ಹೋಯಿತು ಅಂದುಕೊಂಡಿದ್ದರು, 2011ರಲ್ಲಿ ಮತ್ತೆ ಸಿಕ್ಕಿತು. ಅಂಗಡಿಗೆ ಬರುವುದೆಲ್ಲ ಫಾರ್ಮಿನಲ್ಲಿ ಮರಿ ಮಾಡಿಸಿದವು, ಹಾಗಾಗಿ ಕೊಳ್ಳಲಿಕ್ಕೆ ಅಳುಕು ಬೇಡ.

ನೀರಿನ ವಿಷಯ ನಮ್ಮ ಕಡೆಯವರಿಗೆ ಬೇರೆಯೇ ಹೇಳಬೇಕು. ನಮ್ಮ ಮನೆಗೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಮುರಕಲ್ಲಿನಿಂದ ಇಳಿದು ಬರುವ ಈ ನೀರು ಕುಡಿಯಲಿಕ್ಕೆ ಅಮೃತ, ಆದರೆ ತೀರಾ ಮೆದು, ಹುಳಿ ಗುಣದ್ದು. ಟ್ಯಾಂಕಿನಲ್ಲಿ ಪಿಎಚ್ (ಹುಳಿ ಹೆಚ್ಚಾದಷ್ಟೂ ಇಳಿಯುವ ಅಳತೆ) ಸುಮ್ನೆ ಇಳಿಯುತ್ತಾ ಹೋಗುತ್ತದೆ. ಆಮೇಲೆ ಫಿಲ್ಟರಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡುತ್ತವೆ, ಮೀನು ಮಂಕಾಗುತ್ತದೆ. ಇದಕ್ಕೆ ದುಬಾರಿ ಬಾಟಲಿ ಏನೂ ಬೇಡ. ಮರುವಾಯಿ ಚಿಪ್ಪನ್ನು (ಕಪ್ಪೆಚಿಪ್ಪು) ಚೆನ್ನಾಗಿ ತೊಳೆದು, ಕುದಿಸಿ, ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನ ಒಳಗೆ ಇಟ್ಟೆ. ಚಿಪ್ಪಿನ ಸುಣ್ಣ ನಿಧಾನಕ್ಕೆ ಕರಗಿ ಪಿಎಚ್ ಏಳರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇನ್ನು ಅಸಲಿ ಶಾರ್ಕ್. ಉಪ್ಪಳದಲ್ಲಿರುವುದು ಬ್ಯಾಂಬೂ ಶಾರ್ಕ್. ದೊಡ್ಡ ಶಾರ್ಕುಗಳಲ್ಲಿ ಹಲವಕ್ಕೆ ಈಜುತ್ತಲೇ ಇರಬೇಕು, ಇಲ್ಲದಿದ್ದರೆ ಉಸಿರಿಲ್ಲ. ಅಮೆರಿಕದ ಮಾಂಟೆರೆ ಬೇ ಅಕ್ವೇರಿಯಂನವರೇ 2004ರಲ್ಲಿ ತಂದ ಬಿಳಿ ಶಾರ್ಕ್ ಮರಿಯನ್ನು 198 ದಿನ ಇಟ್ಟುಕೊಂಡು ಕಡಲಿಗೆ ಬಿಟ್ಟರು. ಬ್ಯಾಂಬೂ ಶಾರ್ಕ್ ಹಾಗಲ್ಲ. ಮರಳಿನ ಮೇಲೆ ಮಲಗಿಕೊಂಡೇ ಬಾಯಿಂದ ನೀರು ಎಳೆದು ಕಿವಿರಿಗೆ ತಳ್ಳುತ್ತದೆ. ಅದಕ್ಕೇ ಮನೆಯಲ್ಲಿ ಸಾಕುವ ಮಾತು ಬಂದದ್ದು.

ಹಗಲಿಡೀ ಬಿದ್ದುಕೊಂಡಿರುತ್ತದೆ. ಸಂಜೆ ಉದ್ದ ಚಿಮಟದಲ್ಲಿ ಬೊಂಡಾಸಿನ (ಸ್ಕ್ವಿಡ್) ತುಂಡು ಹಿಡಿದರೆ ಮೊದಲು ಎದುರಿಗಿದ್ದರೂ ಕಾಣದ ಹಾಗೆ ಆಚೀಚೆ ತಲೆ ಆಡಿಸುತ್ತದೆ. ವಾಸನೆ ಸಿಕ್ಕಿದ ಮೇಲೆ ಚಿಮಟಕ್ಕೆ ಮೂತಿ ಉಜ್ಜುತ್ತಾ ಬಂದು ಚಪ್ ಅಂತ ಒಳಗೆ ಎಳೆದುಕೊಳ್ಳುತ್ತದೆ. ಇಷ್ಟು ನೋಡಿದರೆ ಯಾರಿಗೂ ಆಸೆ ಆಗುತ್ತದೆ, ಅಲ್ವಾ? ನನಗೂ ಆಯಿತು. ಆಮೇಲೆ ಲೆಕ್ಕ ಹಾಕಿದೆ.

ಬೆಳೆದರೆ ಹೆಚ್ಚುಕಡಿಮೆ ಒಂದು ಮೀಟರ್. ಅವರ ಟ್ಯಾಂಕ್ ಎಂಟಡಿ ಉದ್ದ, ಮೂರಡಿ ಅಗಲ, ಎರಡೂವರೆ ಅಡಿ ಎತ್ತರ. ಅಂದರೆ ಸುಮಾರು 1,700 ಲೀಟರ್. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮೊದಲ ಸಲಕ್ಕೇ 60 ಕಿಲೋ ಸಮುದ್ರದ ಉಪ್ಪಿನ ಮಿಶ್ರಣ. ಐದನೇ ಒಂದು ಪಾಲು ನೀರು ಬದಲಿಸಿದಾಗಲೆಲ್ಲ ಮತ್ತೆ 12 ಕಿಲೋ. ಕಡಲು ಇಲ್ಲೇ ಇದೆಯಲ್ಲ, ನೀರು ತಂದರಾಯಿತು ಅನ್ನಬಹುದು. ಮಳೆಗಾಲದಲ್ಲಿ ಶಿರಿಯಾ, ಉಪ್ಪಳ ಹೊಳೆಗಳು ಕೆಂಪಾಗಿ ಕಡಲಿಗೆ ಬೀಳುವಾಗ ದಡದ ನೀರು ಕೆಸರು, ಉಪ್ಪೂ ಕಡಿಮೆ. ಬೇಸಿಗೆಯಲ್ಲಿ ನೀರು ಬಿಸಿಯಾಗದಂತೆ ಚಿಲ್ಲರ್ ಬೇಕು. ಕರೆಂಟ್ ಹೋದರೆ ಅಷ್ಟು ನೀರಿಗೆ ಇನ್ವರ್ಟರ್ ಸಾಲದು ಅಂತ ಅವರು ಜನರೇಟರ್ ಇಟ್ಟಿದ್ದಾರೆ. ಉಳಿದ ಮೀನುಗಳಿಗೆ ಹಾಕುವ ತಾಮ್ರದ ಔಷಧಿ ಶಾರ್ಕಿಗೆ ವಿಷ. ದುಬೈಯಿಂದಲೂ ದಿನಾ ಫೋನ್, 'ಮಾಷ್ಟ್ರೇ, ಇವತ್ತು ತಿಂದಿತಾ?' ಅಂತ.

ನಮ್ಮದು ಸಸ್ಯಾಹಾರಿ ಮನೆ ಬೇರೆ. ಬೊಂಡಾಸು, ಎಟ್ಟಿಯ (ಸಿಗಡಿ) ಪೊಟ್ಟಣ ಫ್ರಿಜ್ಜಿನಲ್ಲಿ ಇಡುವ ಮಾತೆತ್ತಿದ್ದಕ್ಕೇ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ರೆಡ್‌ಟೇಲಿಗೆ ಅಂಗಡಿಯ ಕಾಳು, ಬೇಯಿಸಿದ ಸೌತೆಕಾಯಿ ಬಿಲ್ಲೆ ಸಾಕು.

ಹಾಗಾಗಿ ಸಾಮಾನ್ಯ ಮನೆಗೆ ನನ್ನ ಓಟು ರೆಡ್‌ಟೇಲಿಗೆ. ನಾಲ್ಕಡಿಯ ಟ್ಯಾಂಕ್, ಸುಮಾರು 250 ಲೀಟರ್ ನೀರು. ಫಿಲ್ಟರ್ ಕೆಲವು ವಾರ ಓಡಿ ನೀರು ಹದವಾದ ಮೇಲೆ, ಉಳಿದ ಮೀನುಗಳನ್ನೆಲ್ಲ ಬಿಟ್ಟು ಕೊನೆಗೆ ಇವನನ್ನು ಬಿಡಿ. ಮೊದಲೇ ಬಿಟ್ಟರೆ ಇಡೀ ಟ್ಯಾಂಕ್ ತನ್ನದೇ ಅಂದುಕೊಳ್ಳುತ್ತಾನೆ. ಜೊತೆಗೆ ಇವನ ಹತ್ತಿರದ ನೆಂಟ ರೇನ್‌ಬೋ ಶಾರ್ಕ್ ಬೇಡ, ಇಬ್ಬರಿಗೂ ಆಗುವುದಿಲ್ಲ. ಅಂಗಡಿಯವರು 'ಜೋಡಿ ತಗೊಳ್ಳಿ ಅಣ್ಣಾ, ಕಮ್ಮಿ ಮಾಡ್ತೇನೆ' ಅಂದರೂ ಒಂದೇ ತನ್ನಿ.