ಫೈಬರ್ ಜೊತೆ ಪುಕ್ಕಟೆ ಬರುವ ರೂಟರ್: ಸಿನಿಮಾಕ್ಕೆ ಜಾಣ, ವಿಪಿಎನ್‌ಗೆ ಮರೆಗುಳಿ

ಐದರಲ್ಲಿ ಮೂರು ನಕ್ಷತ್ರ. ಸಿನಿಮಾ ನೋಡುವುದು, ಮೊಬೈಲ್‌ನಲ್ಲಿ ಮಾತಾಡುವುದು ಇಷ್ಟೇ ನನ್ನ ಬಳಕೆಯಾಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ವಿಪಿಎನ್ (ಇಂಟರ್ನೆಟ್ ಮೇಲೆ ಕಚೇರಿಗೆ ಹಾಕಿಕೊಂಡ ಖಾಸಗಿ ದಾರಿ) ಮೂಲಕ ಬೆಂಗಳೂರಿನ ಕಚೇರಿಯ ಸರ್ವರ್‌ನಲ್ಲಿ ಕುಳಿತು ಕೆಲಸ ಮಾಡುವವರಿಗೆ, ಕಂಪನಿಯವರು ಹಾಕಿಕೊಟ್ಟು ಹೋದ ಸ್ಥಿತಿಯಲ್ಲಿ, ಇದು ಒಂದೂವರೆಗಿಂತ ಹೆಚ್ಚಿಗೆ ಅರ್ಹವಲ್ಲ. ಉಳಿದ ಒಂದೂವರೆಯನ್ನು ಸೆಟ್ಟಿಂಗ್ ಬದಲಾಯಿಸಿ ನಾವೇ ಸಂಪಾದಿಸಬೇಕು.

ಕಂಪನಿಯ ಹೆಸರು ಬರೆಯುವುದಿಲ್ಲ. ಫೈಬರ್ ಎಳೆದುಕೊಡುವ ಹೆಚ್ಚಿನವರು ಗೋಡೆಗೆ ಹೊಡೆದು ಹೋಗುವುದು ಇಂಥದ್ದೇ ಬಿಳಿ ಡಬ್ಬಿಯನ್ನು. ಅಡಿಯಲ್ಲಿ ಪಾಸ್‌ವರ್ಡ್‌ನ ಚೀಟಿ, ಮುಂದೆ ಮಿಣುಕುವ ಹಸಿರು ದೀಪಗಳು. ನಮ್ಮದು ಪುತ್ತೂರಿನ ಕೆಂಪುಕಲ್ಲಿನ ಮನೆ. ರೂಟರ್ ಚಾವಡಿಯಲ್ಲಿದೆ, ನನ್ನ ಮೇಜು ಒಳಕೋಣೆಯಲ್ಲಿದೆ, ನಡುವೆ ಎರಡು ದಪ್ಪ ಗೋಡೆ. ಕೆಲಸ ಲೆಕ್ಕಪರಿಶೋಧನೆಯದು. ತಿಂಗಳ 20ರೊಳಗೆ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ವಿವರಪಟ್ಟಿ ಸಲ್ಲಿಸಬೇಕಾದ ಗಿರಾಕಿಗಳ ಕಡತ ತೆರೆದಿರುವಾಗಲೇ ಪರದೆ ಅಲ್ಲಾಡದೆ ನಿಂತು, ಮೂಲೆಯಲ್ಲಿ "ಮರುಸಂಪರ್ಕಿಸಲಾಗುತ್ತಿದೆ" ಎಂದು ಬರುತ್ತಿತ್ತು.

ದೂರು ಕೊಟ್ಟಾಗ ಬಂದ ಹುಡುಗ ಸಭ್ಯ. ಚಾವಡಿಯಲ್ಲಿ ನಿಂತು ಮೊಬೈಲ್‌ನಲ್ಲಿ ಸ್ಪೀಡ್ ಪರೀಕ್ಷೆ ಮಾಡಿ, "ತೊಂಬತ್ತರ ಮೇಲೆಯೇ ಬರುತ್ತಿದೆಯಲ್ಲ ಅಕ್ಕಾ, ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ" ಎಂದ. ಅವನ ಅಳತೆಗೋಲಿನಲ್ಲಿ ಅದು ನಿಜವೇ. ಸಿನಿಮಾ ನೋಡುವಾಗ ಮುಂದಿನ ಒಂದಷ್ಟು ಭಾಗ ಮೊದಲೇ ಬಂದು ಸಂಗ್ರಹವಾಗಿರುತ್ತದೆ, ನಡುವೆ ಎರಡು ಸೆಕೆಂಡು ವೈಫೈ ಸತ್ತರೂ ಗೊತ್ತಾಗುವುದಿಲ್ಲ. ವಿಪಿಎನ್‌ಗೆ ಅಂಥ ದಾಸ್ತಾನು ಇಲ್ಲ.

ಹಾಗಾಗಿ ಸ್ಪೀಡ್ ಬಿಟ್ಟು ಬೇರೆಯದನ್ನು ನೋಡಬೇಕು. ಲ್ಯಾಪ್‌ಟಾಪ್‌ನಲ್ಲಿ ಎರಡು ಕಿಟಕಿ ತೆರೆದು, ಒಂದರಲ್ಲಿ ರೂಟರ್‌ನ ವಿಳಾಸಕ್ಕೆ (ನಮ್ಮಲ್ಲಿ 192.168.1.1), ಇನ್ನೊಂದರಲ್ಲಿ ವಿಪಿಎನ್‌ನ ಹೊರಗಿನಿಂದಲೇ ಕಚೇರಿಯ ಸರ್ವರ್‌ಗೆ ನಿಲ್ಲದ ಪಿಂಗ್ (ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶ) ಹಚ್ಚಿಟ್ಟೆ. ಸಂಪರ್ಕ ಕಡಿದಾಗ ಎರಡೂ ನಿಂತರೆ ದೋಷ ಮನೆಯ ವೈಫೈಯದು. ರೂಟರ್ ಉತ್ತರಿಸುತ್ತಲೇ ಇದ್ದು ವಿಪಿಎನ್ ಮಾತ್ರ ಕಡಿದರೆ ಗೋಡೆಯನ್ನು ಬಯ್ಯಬೇಕಾಗಿಲ್ಲ. ನನ್ನ ಮನೆಯಲ್ಲಿ ಎರಡೂ ಬಗೆಯವು ಸಿಕ್ಕವು.

ಮೊದಲನೆಯದಕ್ಕೆ ಕಾರಣ ಈ ರೂಟರ್ ತನ್ನ ಹೆಗ್ಗಳಿಕೆ ಎಂದು ಪ್ರಚಾರ ಮಾಡುವ "ಸ್ಮಾರ್ಟ್ ಕನೆಕ್ಟ್". ವೈಫೈ ಓಡುವ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಿಗೂ ಒಂದೇ ಹೆಸರಿಟ್ಟು, ಯಾವ ಸಾಧನ ಎಲ್ಲಿರಬೇಕೆಂದು ತಾನೇ ತೀರ್ಮಾನಿಸುತ್ತದೆ. 5 ಗಿಗಾಹರ್ಟ್ಸ್ ಅಲೆಗಳು ಗೋಡೆ ದಾಟುವಾಗ ಬೇಗ ಸೊರಗುತ್ತವೆ. ಒಳಕೋಣೆಯಲ್ಲಿರುವ ನನ್ನ ಲ್ಯಾಪ್‌ಟಾಪ್ ಸರಿಯಾಗಿ ಗಡಿಯ ಮೇಲಿದೆ. ಬಾಗಿಲು ಹಾಕಿದರೆ 2.4ಕ್ಕೆ ಇಳಿಯುತ್ತದೆ, ತೆರೆದರೆ ಮತ್ತೆ 5ಕ್ಕೆ ಹತ್ತುತ್ತದೆ, ಪ್ರತಿ ಸಲವೂ ಒಂದು ಕಡಿತ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಲ್ಯಾಪ್‌ಟಾಪನ್ನು 2.4ಕ್ಕೆ ಕಟ್ಟಿಹಾಕಿದ ಮೇಲೆ ಈ ಓಡಾಟ ನಿಂತಿತು. ಸ್ಪೀಡ್ ಅರ್ಧಕ್ಕಿಂತ ಕೆಳಗೆ ಬಿತ್ತು, ಬೀಳಲಿ. ಲೆಡ್ಜರ್ ನೋಡಲು ತೊಂಬತ್ತು ಎಂಬಿಪಿಎಸ್ ಯಾರಿಗೆ ಬೇಕು? ಚಾನೆಲ್ (ಆ ಪಟ್ಟಿಯೊಳಗಿನ ಓಣಿ) ಕೂಡ "ಆಟೊ"ದಲ್ಲಿ ಇರಬಾರದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಪಕ್ಕದ ಮನೆಯವರು 6ರಲ್ಲಿದ್ದಾರೆ, ನಾನು 11ರಲ್ಲಿದ್ದೇನೆ.

ಎರಡನೆಯದು ಶೀರ್ಷಿಕೆಯಲ್ಲಿ ಹೇಳಿದ ಮರೆವು. ಒಳಗಿನ ಯಾವ ಸಾಧನ ಹೊರಗಿನ ಯಾರೊಡನೆ ಮಾತಾಡುತ್ತಿದೆ ಎಂಬ ಪಟ್ಟಿಯೊಂದನ್ನು ಪ್ರತಿ ರೂಟರ್ ಇಟ್ಟುಕೊಂಡಿರುತ್ತದೆ. ಸದ್ದಿಲ್ಲದ ಸಾಲುಗಳನ್ನು ಅಳಿಸುತ್ತದೆ. ಲಿನಕ್ಸ್ ಮೂಲದ ರೂಟರ್‌ಗಳಲ್ಲಿ ಯುಡಿಪಿಗೆ (ವಿಪಿಎನ್‌ಗಳು ಹೆಚ್ಚಾಗಿ ಬಳಸುವ ಸಾಗಣೆ ವಿಧಾನ) ಸಾಮಾನ್ಯವಾಗಿ ಒಂದೇ ಕಡೆಯ ಮಾತಿಗೆ 30 ಸೆಕೆಂಡು, ಎರಡೂ ಕಡೆ ನಡೆದ ಮಾತಿಗೆ 120 ಸೆಕೆಂಡು ಗಡುವು. ನಾನು ವೋಚರ್ ಓದುತ್ತ ಕೀಲಿಮಣೆ ಮುಟ್ಟದೆ ಕುಳಿತಾಗಲೇ ಸಂಪರ್ಕ ಹೋಗುತ್ತಿದ್ದದ್ದು ಅದಕ್ಕೆ. ನಮ್ಮ ಕಚೇರಿಯದು ಓಪನ್‌ವಿಪಿಎನ್ ಎಂಬ ತಂತ್ರಾಂಶ. ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ "ಕೀಪ್‌ಅಲೈವ್ 10 60" ಎಂಬ ಒಂದು ಸಾಲು ಹಾಕಿಸಿದೆ. ಅಂದರೆ ಮಾತಿಲ್ಲದಿದ್ದರೂ ಹತ್ತು ಸೆಕೆಂಡಿಗೊಮ್ಮೆ ಒಂದು ಪಿಂಗ್ ಹೋಗುತ್ತದೆ, ರೂಟರ್‌ಗೆ ಮರೆಯಲು ಅವಕಾಶವಿಲ್ಲ. ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್ ಬಳಸುವವರಿಗೆ ಇದೇ ಕೆಲಸಕ್ಕೆ 25 ಸೆಕೆಂಡಿನ ಸೆಟ್ಟಿಂಗ್ ಇದೆ.

ಇನ್ನೊಂದು ಸಣ್ಣ ಕಿರುಕುಳ: ಸಂಪರ್ಕ ಇದೆ ಎನ್ನುತ್ತದೆ, ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಕಡತ ಮಾತ್ರ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಇದು ಪ್ಯಾಕೆಟ್ (ಮಾಹಿತಿಯನ್ನು ತುಂಡುಮಾಡಿ ಕಳುಹಿಸುವ ಪೊಟ್ಟಣ) ಗಾತ್ರದ ತಕರಾರು. ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಕಿ ಶುರುಮಾಡುವ ಪಿಪಿಪಿಒಇ ಸಂಪರ್ಕಗಳಲ್ಲಿ 1500 ಬೈಟ್‌ಗಳ ಪೈಕಿ 8 ಅದಕ್ಕೇ ಹೋಗಿ 1492 ಉಳಿಯುತ್ತದೆ; ಅದರೊಳಗೆ ವಿಪಿಎನ್ ತನ್ನ ಹೊದಿಕೆಯನ್ನೂ ತುರುಕಬೇಕು. ಕಚೇರಿಯವರು ಎಂಎಸ್‌ಎಸ್ ಮಿತಿಯನ್ನು (ಒಂದು ಪ್ಯಾಕೆಟ್‌ನಲ್ಲಿ ತುಂಬಬಹುದಾದ ಮಾಹಿತಿಯ ಗರಿಷ್ಠ ಗಾತ್ರ) 1360ಕ್ಕೆ ಇಳಿಸಿದರು, ಮುಗಿಯಿತು.

ಇಷ್ಟಾದರೂ ಪೂರ್ತಿ ನಕ್ಷತ್ರ ಏಕಿಲ್ಲವೆಂದರೆ, ಚೀಟಿಯಲ್ಲಿರುವ ಪಾಸ್‌ವರ್ಡ್‌ನಿಂದ ಒಳಹೊಕ್ಕರೆ ವೈಫೈ ಹೆಸರು ಬದಲಿಸುವುದಕ್ಕಷ್ಟೇ ಅನುಮತಿ. ಸ್ಮಾರ್ಟ್ ಕನೆಕ್ಟ್ ನಿಲ್ಲಿಸುವ ಗುಂಡಿ ಕಂಪನಿಯವರ ಲಾಗಿನ್‌ನಲ್ಲಿದೆ. ಅದೇ ಹುಡುಗ ಎರಡನೆಯ ಸಲ ಬಂದು ತೆರೆದುಕೊಟ್ಟ. ಕೆಲವು ದಿನಗಳ ನಂತರ ಕಂಪನಿಯವರು ದೂರದಿಂದಲೇ ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ) ಹೊಸದು ಮಾಡಿದರು, ಬೆಳಗ್ಗೆ ಎದ್ದು ನೋಡಿದರೆ ಎರಡು ಹೆಸರು ಮತ್ತೆ ಒಂದಾಗಿದ್ದವು. ಗ್ರಾಹಕ ಸೇವೆಯವರು ಈಗಲೂ ಮೊದಲು ಕೇಳುವುದು ಸ್ಪೀಡ್ ಎಷ್ಟು ಬರುತ್ತಿದೆ ಎಂದೇ.

ಸ್ವಂತ ರೂಟರ್ ಕೊಳ್ಳುವವರು ಹಣ ಕೊಡುವ ಮೊದಲು ಈ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ದಾಟಿಸುವುದಷ್ಟೇ ಮಾಡುವ ಸ್ಥಿತಿ) ಹಾಕಿಕೊಡುತ್ತೀರಾ ಎಂದು ಕಂಪನಿಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಲ್ಲವಾದರೆ ಹೊಸ ರೂಟರ್‌ನ ಹಿಂದೆ ಇದೂ ತನ್ನ ಪಟ್ಟಿ ಹಿಡಿದು ಕುಳಿತಿರುತ್ತದೆ. ನಾನು ಕೇಳಿ ಕಳುಹಿಸಿದ ಮಿಂಚಂಚೆಗೆ ದೂರಿನ ಸಂಖ್ಯೆ ಬಂದಿದೆ, ಉತ್ತರ ಬಂದಿಲ್ಲ. ಸದ್ಯಕ್ಕೆ 20ನೇ ತಾರೀಖು ಹತ್ತಿರವಾದಾಗ ಚಾವಡಿಯಿಂದ ಒಳಕೋಣೆಗೆ ಉದ್ದದ ಲ್ಯಾನ್ ಕೇಬಲ್ ಎಳೆದುಕೊಳ್ಳುತ್ತೇನೆ. ಅತ್ತೆಯವರಿಗೆ ಅದು ಕಾಲಿಗೆ ತೊಡರುತ್ತದೆ ಎಂಬ ಆಕ್ಷೇಪವಿದೆ, ನ್ಯಾಯವಾದದ್ದೇ.